ಬೋಳು ಸೈಕಲ್ಲು

ನಮ್ಮ ಯಜಮಾನರು ಹೆಗ್ಗಡದೇವನಕೋಟೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಿಟಕಿ ಗ್ರಿಲ್ಲು, ಗೇಟು ಮಾಡುವ ಕೆಲಸದಲ್ಲಿದ್ದರು. ಹೊಸ ಮನೆ ಕಟ್ಟಿಸುವವರಿಗೆ ಆಗ ಗ್ರಿಲ್ಲಿನಲ್ಲಿ ಏನಾದರೊಂದು ಇರಲೇಬೇಕಿತ್ತು. ನವಿಲು, ಹಂಸ, ಬಳ್ಳಿ, ಓಂಕಾರ, ಇಲ್ಲವೇ ಮನೆ ಯಜಮಾನನ ಹೆಸರಿನ ಮೊದಲ ಅಕ್ಷರ. ಸಂಜೆ ಬಂದು ಬಚ್ಚಲಲ್ಲಿ ಕೈ ತೊಳೆಯುತ್ತಾ, "ಇವತ್ತೂ ನವಿಲೇ ಕಣೇ" ಎನ್ನುತ್ತಿದ್ದರು. ದಣಿದು ಹೇಳುತ್ತಿದ್ದರೋ ತಮಾಷೆಗೆ ಹೇಳುತ್ತಿದ್ದರೋ ನನಗೆ ತಿಳಿಯುತ್ತಿರಲಿಲ್ಲ.

ಒಂದು ಸಲ ಮಡಿಕೇರಿ ದಾರಿಯ ಕೊಪ್ಪದಲ್ಲಿ ಯಾರದೋ ಮನೆಗೆ ಗೇಟು ಕೂರಿಸಲು ಹೋದವರು, ಟೀ ಅಂಗಡಿಯ ಮುಂದೆ ಪರವೂರಿನ ಒಬ್ಬ ಹುಡುಗ ಒರಗಿಸಿದ್ದ ಸೈಕಲ್ಲನ್ನು ನೋಡಿಕೊಂಡು ಬಂದರು. ದಪ್ಪ ಟೈರಿನ, ಬೆಟ್ಟ ಹತ್ತುವ ಸೈಕಲ್ಲಂತೆ. ಅವನು ಅದರಲ್ಲಿ ಮಡಿಕೇರಿಗೆ ಹೊರಟಿದ್ದನಂತೆ.

"ಅದ್ರಲ್ಲಿ ಏನೂ ಇರ್ನಿಲ್ಲ ಕಣೇ" ಅಂದರು.

"ಏನೂ ಇಲ್ದಿರೋ ಸೈಕಲ್ನ ಅದೇನ್ ನಿಂತ್ಕಂಡ್ ನೋಡುದ್ರಿ?"

"ಏನೂ ಇಲ್ದಿರೋದನ್ನೇ ನೋಡ್ದೆ."

ಆಮೇಲೆ ಹುಣಸೂರಿನ ಗುಜರಿಯಿಂದ ದಪ್ಪ ಟೈರಿನ ಸೈಕಲ್ಲಿನದೊಂದು ಫ್ರೇಮು ತಂದರು. ಕೆಲಸ ಮುಗಿಸಿ ಬಂದ ಮೇಲೆ ಅಂಗಳದಲ್ಲಿ ಅದರ ಮುಂದೆ ಕೂರುತ್ತಿದ್ದರು. ಮಡ್ಗಾರ್ಡು, ಸ್ಟ್ಯಾಂಡು, ಕ್ಯಾರಿಯರ್ ಸಿಕ್ಕಿಸಲು ಫ್ರೇಮಿನಲ್ಲಿ ಇದ್ದ ಸಣ್ಣ ಸಣ್ಣ ಕೊಂಡಿಗಳನ್ನೆಲ್ಲ ಅರದಲ್ಲಿ ಉಜ್ಜಿ ತೆಗೆದರು. ಕಂಪನಿಯ ಹೆಸರು, ಹಳೆಯ ಬಣ್ಣ ಎಲ್ಲ ಉಪ್ಪುಕಾಗದಕ್ಕೆ ಹೋಯಿತು. ಹ್ಯಾಂಡಲ್ಲಿಗೆ ಒಂದು ನೇರ ಪೈಪು. ಗೇರು ಒಂದೇ ಸಾಕು ಅಂದರು, ಯಾಕೆಂದರೆ ಹೆಚ್ಚಿನ ಗೇರಿದ್ದರೆ ಅದಕ್ಕೊಂದು ತಂತಿ ಕಾಣಿಸುತ್ತದೆ. ಬೆಸುಗೆ ಹಾಕಿದ ಕಡೆ ಕಣ್ಣು ಮುಚ್ಚಿಕೊಂಡು ಹೆಬ್ಬೆರಳು ಆಡಿಸುವರು. ಬೆರಳಿಗೆ ಏನಾದರೂ ತಡೆದರೆ ಮತ್ತೆ ಅರ. ಫ್ರೇಮು ಅಲುಗಾಡದಂತೆ ನಾನು ಹಿಡಿದುಕೊಳ್ಳಬೇಕಿತ್ತು. ಒಲೆಯ ಮೇಲೆ ಇಟ್ಟ ಎಸರು ಎಷ್ಟೋ ಸಲ ಹಾಗೆಯೇ ಇಂಗಿಹೋಗುತ್ತಿತ್ತು. ಕೊನೆಗೆ ಬೂದಿ ಬಣ್ಣ ಹೊಡೆದರು. ಒಂದು ಪಟ್ಟೆ, ಒಂದು ಅಕ್ಷರ ಇಲ್ಲ. ಬೆಲ್ಲು ಕೂಡ ಇಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಇದೇನ್ಲಾ ಮಗಾ, ಬೋಳು ಬೋಳಾಗದೆ."

"ಅದೇ ಕಣವ್ವಾ ಬೇಕಾಗಿದ್ದು. ಬೋಳಾಗಿದ್ರೇನೇ ಅದು ಚೆಂದ."

"ಬಿಡ್ತು ಅನ್ನು. ಆ ಮಾತ ಇನ್ನೊಂದ್ ಸತಿ ಆಡ್ಬ್ಯಾಡ."

ತಮ್ಮ ಬಾಯಿಂದಲೇ ಬಂದದ್ದಕ್ಕೆ ಅವರಿಗೇ ಕಸಿವಿಸಿಯಾಗಿತ್ತು. ಅತ್ತೆ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಬರಿ ಹಣೆ, ಬರಿಗೈಯಲ್ಲೇ ಮಕ್ಕಳನ್ನು ಸಾಕಿದವರು. ಆ ಮಾತನ್ನು ಅವರು ಯಾರು ಯಾರ ಬಾಯಲ್ಲಿ ಕೇಳಿದ್ದರೋ.

ಆದರೆ ಊರಿನಲ್ಲಿ ಅದಕ್ಕೆ ಬೋಳು ಸೈಕಲ್ಲು ಎಂದೇ ಹೆಸರಾಯಿತು. ಅರಳಿಕಟ್ಟೆಯ ಮೇಲೆ ಕೂತವರು ಬಿಡುತ್ತಿರಲಿಲ್ಲ.

"ಏನಣ್ಣೋ, ಪುಕ್ಕ ಕಿತ್ತ ಕೋಳಿ ಎಲ್ಲಿಗ್ ಹೊಂಟದೆ?"

"ಅಲ್ಲ ಕಣ್ಲಾ, ಎಂಡ್ರುನ್ನ ಎಲ್ ಕೂರುಸ್ತೀಯ? ಹೆಗಲ್ ಮ್ಯಾಲಾ?"

ಯಜಮಾನರು ನಗುತ್ತಾ ಮುಂದೆ ಹೋಗುತ್ತಿದ್ದರು. ಹಿಂದಿನಿಂದ ಅಕ್ಕಿ ಚೀಲ ಸೊಂಟದ ಮೇಲಿಟ್ಟುಕೊಂಡು ನಡೆದುಬರುತ್ತಿದ್ದ ನನಗೆ ಮುಖವೆಲ್ಲ ಬಿಸಿಯಾಗುತ್ತಿತ್ತು. ಬಡತನಕ್ಕೆ ನಾನು ಅಷ್ಟು ನಾಚಿಕೊಂಡದ್ದಿಲ್ಲ. ದುಡ್ಡು ಇಲ್ಲದೆ ಕ್ಯಾರಿಯರ್ ಹಾಕಿಸದವರನ್ನು ಜನ ಏನೂ ಅನ್ನುವುದಿಲ್ಲ. ಇದ್ದುದನ್ನು ಕಿತ್ತು ಹಾಕಿದವರ ಹೆಂಡತಿ ಏನು ಹೇಳಬೇಕು?

ಹಾರನಹಳ್ಳಿಯಲ್ಲಿ ನನ್ನ ತಂಗಿಯ ಮಗುವಿಗೆ ಹೆಸರಿಡುವ ದಿನಕ್ಕೆ ನಾನು ಹಿಂದಿನ ದಿವಸವೇ ಬಸ್ಸಿನಲ್ಲಿ ಹೋಗಿದ್ದೆ. ಅವರು ಅಷ್ಟು ದೂರ ಸೈಕಲ್ಲು ತುಳಿದುಕೊಂಡು ಬಂದರು. ದಾರಿಯಲ್ಲಿ ಮಳೆ ಬಿದ್ದಿತ್ತು. ಚಪ್ಪರದ ಕೆಳಗೆ ಬಂದು ಎಲ್ಲರಿಗೂ ಕೈ ಮುಗಿದರು. ಎದುರಿನಿಂದ ಬಟ್ಟೆ ಚೆನ್ನಾಗಿಯೇ ಇತ್ತು. ತಿರುಗಿದಾಗ ಬಿಳಿ ಶರ್ಟಿನ ಬೆನ್ನ ಮೇಲೆ ಸೊಂಟದಿಂದ ಕತ್ತಿನವರೆಗೆ ನೇರವಾಗಿ ಒಂದು ಕೆಸರಿನ ಪಟ್ಟಿ. ಮಡ್ಗಾರ್ಡ್ ಇಲ್ಲದ ಹಿಂದಿನ ಚಕ್ರ ಎರಚಿದ್ದು. ನಮ್ಮ ಸೋದರಮಾವ, "ಅಳಿಯಂದ್ರು ಬೆನ್ ಮ್ಯಾಲೆ ರೋಡ್ ಹಾಕುಸ್ಕಂಡ್ ಬಂದವ್ರೆ" ಅಂದರು. ಹೆಂಗಸರ ಸಾಲು ಸೆರಗು ಬಾಯಿಗೆ ಹಿಡಿದು ನಕ್ಕಿತು.

"ಮಡ್ಗಾರ್ಡ್ ಹಾಕುದ್ರೆ ಅದ್ರ ಗೆರೆ ಕೆಡ್ತದೆ ಮಾವ" ಅಂದರು ಇವರು, ತೀರ ಸಹಜವಾಗಿ. ಯಾವ ಗೆರೆ ಎಂದು ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ಫ್ರೇಮು ಹಿಡಿದುಕೊಂಡು ಕೂತವಳು ನಾನೇ ಅಲ್ಲವೇ. ಆದರೂ ತಲೆ ತಗ್ಗಿಸಿಕೊಂಡು ಶರ್ಟು ಇಸಿದುಕೊಂಡು ಹಿತ್ತಲಿಗೆ ಹೋದೆ.

ಮಾರನೆಯ ವರ್ಷ ಅವರಿಗೆ ಕಾಮಾಲೆ ಆಯಿತು. ಊರಿನ ಔಷಧಿ ಆಯಿತು, ಮೈಸೂರಿನ ಆಸ್ಪತ್ರೆಯೂ ಆಯಿತು. ಉಳಿಯಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇನ್ನೂ ಆಗುವುದಿಲ್ಲ.

ತಿಥಿಯ ಹಿಂದಿನ ದಿನ ಮಧ್ಯಾಹ್ನ ನಾನು ಕಿಟಕಿಯ ಪಕ್ಕ ಗೋಡೆಗೆ ಒರಗಿ ಕೂತಿದ್ದೆ. ಕಿಟಕಿಯ ಆಚೆ ಅಂಗಳದಲ್ಲಿ ಮೈದುನ ಆ ಸೈಕಲ್ಲನ್ನು ಇಳಿಸಿಕೊಂಡಿದ್ದ. ಒಳ್ಳೆಯ ಮನಸ್ಸಿನಿಂದಲೇ, ಪೇಟೆಯಿಂದ ಹೊಸ ಕ್ಯಾರಿಯರ್, ಮಡ್ಗಾರ್ಡು, ಸ್ಟ್ಯಾಂಡು ತಂದಿದ್ದ. ಕೊಂಡಿಗಳಿಲ್ಲದ್ದರಿಂದ ಫ್ರೇಮಿಗೆ ತೂತು ಹೊಡೆಯಬೇಕಾಗಿತ್ತು. ಅದಕ್ಕೆ ಡ್ರಿಲ್ಲು ಕೂಡ ತಂದುಕೊಂಡಿದ್ದ. "ನಾಳೆ ನೆಂಟ್ರೆಲ್ಲ ಬತ್ತಾರೆ. ಅಣ್ಣನ್ ಸೈಕಲ್ಲು ಇಂಗ್ ನಿಂತಿದ್ರೆ ಚೆನ್ನಾಗಿರಕಿಲ್ಲ" ಎಂದು ಯಾರಿಗೋ ಹೇಳುತ್ತಿದ್ದ. ನನ್ನ ಜೀವವೆಲ್ಲ ಆ ಡ್ರಿಲ್ಲಿನ ಮೇಲಿತ್ತು.

ಒಳಗೆ ಹೆಂಗಸರು ನನ್ನ ಸುತ್ತ ಕೂತಿದ್ದರು. ಮಾರನೆಯ ದಿನ ನನ್ನ ಬಳೆ, ಕುಂಕುಮ ತೆಗೆಯುವ ಮಾತು. ದೊಡ್ಡ ನಾದಿನಿ ನನ್ನ ಮಣಿಕಟ್ಟು ಹಿಡಿದುಕೊಂಡು, "ಈಗ ಕಾಲ ಅಂಗಿಲ್ಲ ಕಣವ್ವಾ. ಕೈಗೆ ಎರಡೆರಡಾದ್ರೂ ಇರ್ಲಿ, ಚಿಕ್ಕದೊಂದು ಬೊಟ್ಟೂ ಇರ್ಲಿ" ಅಂದಳು. ಆ ಮನೆಯಲ್ಲಿ ಅಂಥ ಮಾತು ಬರುತ್ತದೆಂದು ನಾನು ನೆನೆಸಿರಲಿಲ್ಲ. ಅದಕ್ಕಿಂತ ಆಶ್ಚರ್ಯ, ಅತ್ತೆ ಬೇಡ ಅನ್ನಲಿಲ್ಲ. "ಅವ್ಳನ್ನೇ ಕೇಳಿ" ಅಂದರು.

"ಏನಂತೀಯ ಅತ್ಗೆ, ಇರ್ಲಾ?" ಅಂದಳು ನಾದಿನಿ.

ಅದೇ ಹೊತ್ತಿಗೆ ಕಿಟಕಿಯಾಚೆಯಿಂದ ಮೈದುನ, ನನ್ನ ಕಿವಿಗಷ್ಟೇ ಬೀಳುವಂತೆ, "ಅತ್ಗೆ, ಕ್ಯಾರಿಯರ್ ಹಾಕ್ಬುಡ್ಲಾ?" ಅಂದ.

"ಬ್ಯಾಡ. ಬೋಳಾಗೇ ಇರ್ಲಿ ಬುಡಿ" ಅಂದೆ.

ಅಂಗಳದಲ್ಲಿ ಡ್ರಿಲ್ಲು ಕೆಳಗಿಟ್ಟ ಸದ್ದಾಯಿತು. ಒಳಗೆ ನಾದಿನಿ ನನ್ನ ಕೈ ಬಿಟ್ಟು ಹೋ ಎಂದು ಅತ್ತಳು. "ಅಂಗನ್ಬ್ಯಾಡ ಕಣವ್ವಾ, ನಿನ್ ಬಾಯಲ್ಲಿ ನೀನೇ ಅಂಗನ್ಬ್ಯಾಡ." ಎಲ್ಲರೂ ಅಳತೊಡಗಿದರು. ಅತ್ತೆ ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಆಗ ನನಗೆ ತಿಳಿಯಿತು, ಇವರು ಏನು ಕೇಳಿಸಿಕೊಂಡರು ಎಂದು.

ಅಲ್ಲ, ನಾನು ಹೇಳಿದ್ದು ಸೈಕಲ್ಲಿಗೆ, ನನಗೆ ಬಳೆ ಬೇಕು ಎಂದು ಹೇಗೆ ಹೇಳುವುದು? ಗಂಡ ಸತ್ತು ಹತ್ತು ದಿನ ಆಗಿರುವಾಗ, ನಾವು ಬಳೆಯ ಮಾತು ಕೇಳುತ್ತಿದ್ದರೆ ಇವಳ ಮನಸ್ಸು ಅಂಗಳದ ಕಬ್ಬಿಣದ ಮೇಲಿತ್ತು ಅನ್ನುವುದಿಲ್ಲವೇ? ಮಾರನೆಯ ದಿನ ಎಲ್ಲ ತೆಗೆದರು. ಬಂದ ನೆಂಟರು, ಅವಳೇ ಬೇಡ ಅಂದಳಂತೆ, ಎಂಥಾ ಹೆಣ್ಣು ಎಂದು ಮೆಚ್ಚಿಕೊಂಡು ಹೋದರು. ಆ ಮೆಚ್ಚುಗೆ ಕಿವಿಗೆ ಬಿದ್ದಾಗಲೆಲ್ಲ ಎಲ್ಲಿಯಾದರೂ ಅಡಗಿಕೊಳ್ಳಬೇಕು ಅನ್ನಿಸುತ್ತಿತ್ತು. ಅರಳಿಕಟ್ಟೆಯವರ ಮಾತಿಗೂ ನನಗೆ ಹಾಗಾಗಿರಲಿಲ್ಲ.

ರಾಗಿ ಕೊಯ್ಲು ಮುಗಿದ ಮೇಲೆ ಒಂದು ದಿನ ಅತ್ತೆ ಮೊರ ಹಿಡಿದು ಕೇರುತ್ತಿದ್ದರು. ಮೈದುನ ಪಡಸಾಲೆಯಲ್ಲಿದ್ದ ಸೈಕಲ್ಲಿನ ಧೂಳು ಒರೆಸುತ್ತಿದ್ದ. "ಇದ್ರಲ್ಲಿ ಹಾಲಿನ ಕ್ಯಾನ್ ತಗೊಂಡೋಗನ ಅಂದ್ರೆ ಅತ್ಗೆ ಬುಡ್ನಿಲ್ಲ. ಬೋಳಾಗೇ ಇರ್ಲಿ ಅಂದ್ಬುಟ್ರು" ಅಂದ.

ಅತ್ತೆಯ ಮೊರ ನಿಂತಿತು. "ಯಾವಾಗ್ಲಾ ಅಂದಿದ್ದು?"

"ತಿಥಿ ಮುಂಚಿನ್ ದಿನ. ಕಿಟಕೀಲಿ."

ಅತ್ತೆ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಮೈದುನನಿಗೆ ಏನೋ ಎಡವಟ್ಟಾಗಿದೆ ಅನ್ನಿಸಿ ಎದ್ದು ಹೊರಗೆ ಹೋದ.

"ಬಾಯ್ ಬುಡು ಮಗಾ" ಅಂದರು ಅತ್ತೆ. "ನಿನ್ ಮನಸಾರೆ ನಿಂಗೇ ಅಂದ್ಕಂಡಿದ್ರೆ ನಾನು ಬಲವಂತ ಮಾಡಕಿಲ್ಲ. ಸೈಕಲ್ಗೆ ಅಂದಿದ್ರೆ ಬ್ಯಾರೆ ಮಾತು. ಯಾವ್ದು?"

ತಾನಾಗಿಯೇ ಬಳೆ ಬೇಡವೆಂದ ಸೊಸೆಯೊಬ್ಬಳನ್ನು ಅವರು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಿದ್ದರು. ನಾನು ಬಾಯಿ ಬಿಟ್ಟರೆ ಆ ಸೊಸೆ ಇಲ್ಲವಾಗುತ್ತಿದ್ದಳು. ಆದರೂ, "ಸೈಕಲ್ಗೆ ಅತ್ತೆ" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು. ಮತ್ತೆ ಕೇರತೊಡಗಿದರು.

ಸಂತೆಯ ದಿನ ಹೆಗ್ಗಡದೇವನಕೋಟೆಗೆ ಹೋದ ಅತ್ತೆ ಕಾಗದದಲ್ಲಿ ಸುತ್ತಿದ ಬಳೆ ತಂದರು. ಕಂದು ಬಣ್ಣದ ಗಾಜಿನವು. ಹಸಿರು ತರುವಷ್ಟು ಧೈರ್ಯ ಅವರಿಗೂ ಬಂದಿರಲಿಲ್ಲ. ಸೋಪಿನ ನೀರು ಸವರಿ ತಾವೇ ನನ್ನ ಕೈಗೆ ಏರಿಸಿದರು. ಒಂದು ಮುರಿಯಿತು. ಉಳಿದವನ್ನು ಸರಿಮಾಡುತ್ತಾ, "ನನ್ನ ಯಾರೂ ಕೇಳ್ನಿಲ್ಲ" ಅಂದರು. ಯಾವುದರ ಮಾತು ಎಂದು ನಾನು ಕೇಳಬೇಕಾಗಿರಲಿಲ್ಲ.

ಬೇಕೆಂದಿದ್ದು ಸಿಕ್ಕಿತು. ಆದರೆ ಅದನ್ನು ತೊಟ್ಟ ಕೈ ಇನ್ನೂ ನನ್ನದಾಗಿಲ್ಲ. ಕೋಟೆಯ ಬಸ್ಸಿನಲ್ಲಿ ನಿಂತು ಹೋಗುವಾಗ ಮೇಲಿನ ಕಂಬಿ ಹಿಡಿದರೆ ಬಳೆ ಸದ್ದು ಮಾಡಿಕೊಂಡು ಮೊಣಕೈಯತ್ತ ಜಾರುತ್ತವೆ. ಗುರುತಿನವರು ಕೈ ನೋಡಿ, ಮುಖ ನೋಡಿ, ಮತ್ತೆ ಕೈ ನೋಡುತ್ತಾರೆ. ಅದಕ್ಕೆ ನಾನು ಸೀಟಿನ ಹಿಂಬದಿಯನ್ನೇ ಹಿಡಿದು, ಸೆರಗು ಮೇಲೆಳೆದುಕೊಂಡು ನಿಲ್ಲುತ್ತೇನೆ.