ಇಬ್ಬರ ಟೆಂಟು

ನಮ್ಮ ಮನೆಯವರು ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಮುಂದೆ ಹೋದಂತೆ ಹೇಳುವ ಮನಸ್ಸು ಉಳಿಯುತ್ತದೆಂಬ ಭರವಸೆ ನನಗಿಲ್ಲ. ಹೆಸರು ಸತೀಶ. ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ದಿನಾ ಬೆಳಿಗ್ಗೆ ಅಂಕೋಲೆಯಿಂದ ಬಸ್ಸು ಹತ್ತುತ್ತಾರೆ, ಸಂಜೆ ಇಳಿಯುತ್ತಾರೆ. ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರ ತಂಟೆಗೂ ಹೋಗುವವರಲ್ಲ. ಅವರಿಗಿರುವುದು ಒಂದೇ ಚಟ: ಆರಿಸುವುದು. ಬಂಗಡೆ ತರಲು ಮೀನುಪೇಟೆಗೆ ಕಳಿಸಿದರೆ ಒಬ್ಬೊಬ್ಬಳ ಬುಟ್ಟಿಯಲ್ಲೂ ಕೈಹಾಕಿ, ಕಿವಿರು ಎತ್ತಿ ನೋಡಿ, ಬೈಸಿಕೊಂಡು, ಕೊನೆಗೆ ಪೇಟೆ ಖಾಲಿಯಾದ ಮೇಲೆ ಬರಿಗೈಯಲ್ಲಿ ಬರುತ್ತಾರೆ. "ಇವತ್ತು ಮೀನು ಸಮ ಇರ್ಲಿಲ್ಲ ಮಾರಾಯ್ತಿ" ಎನ್ನುತ್ತಾರೆ. ಅವತ್ತು ಮನೆಯಲ್ಲಿ ಬೇಳೆ ಸಾರು.

ನಮ್ಮದು ಕೂಡುಮನೆ. ಅತ್ತೆ, ಭಾವ ದತ್ತಾ, ಭಾವನ ಹೆಂಡತಿ ಯಶೋದಕ್ಕ, ಅವರ ಇಬ್ಬರು ಮಕ್ಕಳು, ನಾವಿಬ್ಬರು, ನಮ್ಮ ಮಗಳು ಪ್ರೇಕ್ಷಾ. ಯಶೋದಕ್ಕ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು, ಬೆಳಿಗ್ಗೆ ಸೀರೆಗೆ ಪಿನ್ನು ಹಾಕಿಕೊಂಡು ಹೊರಟರೆ ಮುಗಿಯಿತು. ಹಾಗಾಗಿ ಒಲೆ ನನ್ನದು. ಒಲೆಯ ಜೊತೆ ಉಳಿದದ್ದೆಲ್ಲ ನನ್ನದೇ. "ಕಾಕೀ, ಟವೆಲ್!" "ಗಾಯತ್ರಿ, ನನ್ನ ಕನ್ನಡಕ ಕಂಡ್ಯಾ?" ಕನ್ನಡಕ ಭಾವನ ಹಣೆಯ ಮೇಲೇ ಇರುತ್ತದೆ. ನಾನು ಬಚ್ಚಲಲ್ಲಿ ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದರೂ ಬಾಗಿಲು ಬಡಿದು, "ಉಪ್ಪು ಎಲ್ಲಿ?" ಎಂದು ಕೇಳುತ್ತಾರೆ. ಉಪ್ಪು ಎಲ್ಲಿರುತ್ತದೆ? ಉಪ್ಪಿನ ಡಬ್ಬಿಯಲ್ಲಿರುತ್ತದೆ! ಅಷ್ಟಾದರೂ ಯಾರೂ ಕೆಟ್ಟವರಲ್ಲ, ಬೈಯುವವರಲ್ಲ. ಕರೆಯುತ್ತಾರೆ, ನಾನು "ಆಂ" ಎನ್ನುತ್ತೇನೆ, ಅಷ್ಟೇ. ಆ ಕರೆಯುವುದೇ ನನಗೆ ಸಾಕುಸಾಕಾಗಿ ಹೋಗಿತ್ತು.

ಹಾಗಿರುವಾಗ ಒಂದು ದಿನ ಇವರ ಮೊಬೈಲಿನಲ್ಲಿ ಒಂದು ವಿಡಿಯೋ ಬಂತು. ಯಾರೋ ಗಂಡ ಹೆಂಡತಿ, ಒಂದು ಹೊಳೆ, ಒಂದು ಸಣ್ಣ ಟೆಂಟು. ಆ ಹೆಂಗಸು ಟೆಂಟಿನ ಬಾಯಿಯಲ್ಲಿ ಕಾಲು ಚಾಚಿ ಕೂತು ನೀರು ನೋಡುತ್ತಿದ್ದಳು. ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. "ಒಂದ್ ಸಲ ನಾವಿಬ್ರೂ ಹೀಂಗೆ ಹೋಗ್ವನಾ? ಒಂದೇ ರಾತ್ರಿ ಸಾಕು" ಎಂದೆ.

ಇವರ ಮುಖ ಅರಳಿತು. "ಅದ್ಕೆಂತದು, ಹೋಗ್ವ. ಆದ್ರೆ ಟೆಂಟು ಮಾತ್ರ ಸಮ ನೋಡಿ ತಕಳ್ಬೇಕು. ಗಡಬಡಿ ಮಾಡುಕಾಗುದಿಲ್ಲ."

ನನಗೆ ಆಗಲೇ ತಿಳಿಯಬೇಕಿತ್ತು.

ಶುರುವಾಯಿತು. ಬಸ್ಸಿನಲ್ಲಿ ಟೆಂಟು, ಊಟಕ್ಕೆ ಕೂತರೆ ಟೆಂಟು, ಹಾಸಿಗೆಗೆ ಬಂದರೂ ಟೆಂಟು. ಒಂದು ಪದರದ್ದೋ ಎರಡು ಪದರದ್ದೋ. ಒಂದು ಪದರದ್ದಾದರೆ ನಮ್ಮ ಉಸಿರೇ ಬಟ್ಟೆಗೆ ತಾಗಿ ನೀರಾಗಿ ಮೈಮೇಲೆ ತೊಟ್ಟಿಕ್ಕುತ್ತದಂತೆ. ಎರಡು ಪದರದ್ದಾದರೆ ಭಾರವಂತೆ. ಕೋಲು ಫೈಬರಿನದೋ ಅಲ್ಯುಮಿನಿಯಮ್ಮಿನದೋ. ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿರುವ ಗೆಳೆಯನೊಬ್ಬನಿಂದ ಎರವಲು ಟೆಂಟು ತಂದು ಅಂಗಳದಲ್ಲಿ ನಿಲ್ಲಿಸಿ, ಒಳಗೆ ತಾವು ಮಲಗಿ, ಹೊರಗಿನಿಂದ ನನ್ನ ಕೈಯಲ್ಲಿ ಕೊಡಪಾನದಿಂದ ನೀರು ಹೊಯ್ಯಿಸಿದರು. "ಹೊಯ್ಯಿ, ಇನ್ನೂ ಹೊಯ್ಯಿ, ಮಳೆ ಬಂದಾಂಗೆ ಹೊಯ್ಯಿ" ಎಂದು ಒಳಗಿನಿಂದ ಕೂಗು. ಪಕ್ಕದ ಮನೆಯ ಕಾಮಿ ಬೇಲಿಯ ಮೇಲಿಂದ ಇಣುಕಿ, "ಎಂತಾ ಆಯ್ತೆ ಗಾಯತ್ರಿ, ಅವ್ರಿಗೆ ಹುಷಾರಿಲ್ವಾ?" ಎಂದು ಕೇಳಿದಳು. ನಾನು ಇನ್ನೊಂದು ಕೊಡಪಾನ ಹೊಯ್ದೆ.

ಆಮೇಲೆ ಮಲಗುವ ಚೀಲ. ನಮ್ಮ ಕರಾವಳಿಯಲ್ಲಿ ಮಾಗಿಯಲ್ಲೂ ಫ್ಯಾನು ಬೇಕು. ಇವರು ನೋಡುತ್ತಿದ್ದದ್ದು ಹಿಮ ಬೀಳುವ ಕಡೆಯವರು ಹೊದೆಯುವಂಥದ್ದು. "ಹಿಮಾಲಯಕ್ಕೆ ಹೊಂಟಿದ್ರಾ ನೀವು?" ಎಂದರೆ, "ಮುಂದೆ ಹೋದ್ರೆ ಬೇಕಾತದೆ" ಎಂಬ ಉತ್ತರ. ಮುಂದೆ! ಹೊಳೆಯ ದಂಡೆಗೇ ಹೋಗಿಲ್ಲ, ಹಿಮಾಲಯದ ಮಾತು. ಗೋವಾದ ಒಂದು ದೊಡ್ಡ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಗಾಳಿ ತುಂಬುವ ಹಾಸಿಗೆ, ಹಣೆಗೆ ಕಟ್ಟುವ ದೀಪ, ಮಡಚುವ ಒಲೆ, ಎಲ್ಲವನ್ನೂ ಮುಟ್ಟಿ, ಮೂಸಿ, ಫೋಟೋ ತೆಗೆದು, ಒಂದನ್ನೂ ಕೊಳ್ಳದೆ ಬಂದರು. ಅಂಗಡಿಯ ಹುಡುಗಿ ಕೊನೆಗೆ ನನ್ನನ್ನು ಕನಿಕರದಿಂದ ನೋಡಿದಳು. ಅಷ್ಟರಲ್ಲಿ ಚಳಿ ಹೋಯಿತು, ಮಳೆ ಬಂತು, ಚೌತಿ ಬಂತು, ದೀಪಾವಳಿಯೂ ಬಂತು. ನಾನು ಉಪ್ಪೆಲ್ಲಿದೆ ಎಂದು ಹೇಳುತ್ತಲೇ ಇದ್ದೆ.

ದೇವರು ದೊಡ್ಡವನು, ಕೊನೆಗೊಮ್ಮೆ ಆರಿಸಿ ಮುಗಿಯಿತು. ಹಸಿರು ಬಣ್ಣದ ಇಬ್ಬರ ಟೆಂಟು, ಎರಡು ಪದರದ್ದು, ಮಡಚಿದರೆ ಕಂಕುಳಲ್ಲಿ ಹಿಡಿಯುವಷ್ಟು. ಅದನ್ನು ಕೋಣೆಯಲ್ಲಿ ಬಿಚ್ಚಿ ನೋಡಿದಾಗ ನನಗೆ ನಿಜಕ್ಕೂ ಕಣ್ಣು ತುಂಬಿತು. ಇಬ್ಬರೇ ಮಲಗುವಷ್ಟು ಜಾಗ, ಮೂರನೆಯವರು ತಲೆ ಹಾಕುವ ಹಾಗಿಲ್ಲ. "ಶನಿವಾರ ಹೋಗ್ವ" ಎಂದರು ಇವರು. ನಾನು ಹೂಂ ಎಂದೆ. ಅಲ್ಲಿಗೆ ಸುಮ್ಮನಿರಬಾರದಿತ್ತೇ? "ಅಮ್ಮಂಗೆ ಒಂದ್ ಮಾತ್ ಹೇಳ್ತೆ" ಎಂದು ಎದ್ದು ಹೋದರು.

ನಮ್ಮ ಕಡೆಯ ರೀತಿ ಹೀಗೆ. ಹೇಳದೆ ಹೋದರೆ ಕದ್ದು ಹೋದ ಹಾಗೆ. ಹೇಳಿದ ಮೇಲೆ "ನೀವೂ ಬನ್ನಿ" ಎನ್ನದಿದ್ದರೆ ಮರ್ಯಾದೆಯಲ್ಲ. "ನೀವೂ ಬನ್ನಿ" ಎಂದಾಗ "ಬ್ಯಾಡ ಬ್ಯಾಡ, ನೀವ್ ಹೋಗ್ಬನ್ನಿ" ಎನ್ನುವುದು ಕೇಳಿಸಿಕೊಂಡವರ ಮರ್ಯಾದೆ. ನಮ್ಮ ಮನೆಯಲ್ಲಿ ಮೊದಲಿನ ಎರಡು ಮರ್ಯಾದೆಗಳು ಮಾತ್ರ ಇವೆ, ಮೂರನೆಯದನ್ನು ಯಾರೂ ಕಲಿತಿಲ್ಲ.

"ನಾ ಎಲ್ಲಿಗೂ ಹೋಗ್ದೆ ಎಷ್ಟ್ ಕಾಲ ಆಯ್ತು" ಎಂದರು ಅತ್ತೆ. "ಅಗಸೂರಲ್ಲಿ ನನ್ ತಮ್ಮನ ಗದ್ದೆ ಇಲ್ವನಾ, ಹೊಳೆ ದಂಡೆಗೆ? ಭತ್ತ ಕೊಯ್ದಾಯ್ತು. ಅಲ್ಲೇ ಹೋಗ್ವ."

ಹೋಗುವ! ಅತ್ತೆ ಬಂದರೆ ಭಾವನಿಗೆ ಹೇಳಬೇಕು. ಭಾವನಿಗೆ ಹೇಳಿದರೆ ಯಶೋದಕ್ಕ ಬೇಸರಪಡಬಾರದು. ಯಶೋದಕ್ಕ ಬಂದರೆ ಮಕ್ಕಳನ್ನು ಬಾವಿಗೆ ಹಾಕುವುದೇ? ಇಬ್ಬರ ಟೆಂಟು ವಾಪಸು ಹೋಗಿ ನಾಲ್ವರದ್ದು ಬಂತು, ಅದೂ ಸಾಲದೆ ಆರು ಜನರದ್ದನ್ನು ಹುಡುಕತೊಡಗಿದರು. ನಾನು ಕೋಣೆಯ ಬಾಗಿಲು ಹಾಕಿ ಕೇಳಿದೆ, "ಅಲ್ಲ, ನಾನ್ ಕೇಳಿದ್ದು ಎಂತದು? ನೀವ್ ಮಾಡ್ತಿರೂದು ಎಂತದು?"

"ಎಲ್ರೂ ಬಂದ್ರೆ ಮಜಾ ಅಲ್ವನೇ?" ಎಂದರು. ಮುಖದಲ್ಲಿ ಒಂದಿಷ್ಟೂ ಕಪಟವಿಲ್ಲ. ಜಗಳವಾಡಲು ಎದುರಿಗೆ ಒಬ್ಬ ಕೆಟ್ಟವನಾದರೂ ಬೇಕಲ್ಲ! ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಗಟ್ಟಿ ಇರುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಾದೆ ಮಾಡಿದವರು ಇವರನ್ನು ನೋಡಿಯೇ ಮಾಡಿರಬೇಕು.

ಅಷ್ಟಕ್ಕೆ ನಿಂತಿದ್ದರೂ ಸಾಕಿತ್ತು. ಇವರ ಗೆಳೆಯ ಕಾಶಿ ಎಂಬವನಿದ್ದಾನೆ, ಮದುವೆ ಮುಂಜಿಗೆ ಶಾಮಿಯಾನ ಹಾಕುವವನು. ಅವನ ಸಲಹೆ ಕೇಳದೆ ಟೆಂಟು ಕೊಂಡರೆ ಅವನಿಗೆ ಬೇಜಾರಾಗುತ್ತದೆ ಎಂದು ಅವನನ್ನೂ ಕೇಳಿದರು. ಆ ಪುಣ್ಯಾತ್ಮ ಬಂದು ನಾಲ್ವರ ಟೆಂಟನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿ, "ಇದೆಂತದಾ ಸತೀಶ, ಛತ್ರಿಯಾ? ನಾನಿರುವಾಗ ನೀ ಟೆಂಟು ಕೊಳ್ಳುದಾ? ನಾಚ್ಕೆ ಆಗ್ಬೇಕು ನಂಗೆ" ಎಂದ. ಶಾಮಿಯಾನ, ಜಮಖಾನ, ಪ್ಲಾಸ್ಟಿಕ್ ಕುರ್ಚಿ, ಟ್ಯೂಬ್‌ಲೈಟು, ಜನರೇಟರು, ಅಡುಗೆಗೆ ಎರಡು ದೊಡ್ಡ ಪಾತೇಲಿ, ಎಲ್ಲವೂ ಅವನದೇ. ಅಷ್ಟು ಕೊಟ್ಟವನನ್ನು "ನೀನೂ ಮನೆಮಂದಿ ಕರ್ಕಂಡು ಬಾ" ಎನ್ನದಿರಲು ಆದೀತೇ? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಇವರು ಅವರಪ್ಪನ ದಿಬ್ಬಣವನ್ನೇ ಕಟ್ಟಿದರು.

ಹೊರಡುವ ದಿನ ನಾನು ಬೆಳಕು ಹರಿಯುವ ಮೊದಲೇ ಎದ್ದು ಕಾಯಿ ತುರಿದು ಮಸಾಲೆ ರುಬ್ಬಿದೆ. ಕಾಶಿಯ ಟೆಂಪೋ ಬಂತು. ಶಾಮಿಯಾನದ ಕಂಬ ಏರಿತು, ಜನ ಏರಿದರು, ಇವರು ಅಷ್ಟು ತಿಂಗಳು ಆರಿಸಿ ತಂದ ಹಣೆ ದೀಪ, ಮಡಚುವ ಒಲೆ, ಗಾಳಿ ದಿಂಬು ಎಲ್ಲ ಏರಿದವು. ನಾನು ಏರಲು ಹೋದರೆ ಕಾಲಿಡಲು ಜಾಗವಿಲ್ಲ.

"ಗಾಯತ್ರಿ, ನೀ ಸ್ಕೂಟಿ ಮೇಲೆ ಹಿಂದ್ ಹಿಂದೇ ಬಾ. ಮಸಾಲೆ ಡಬ್ಬಿ ಹುಷಾರು" ಎಂದರು ಇವರು ಟೆಂಪೋದ ಮೇಲಿಂದ. ಕಾಲ ಸಂದಿಯಲ್ಲಿ ಮಸಾಲೆ ಡಬ್ಬಿ ಇಟ್ಟುಕೊಂಡು ಟೆಂಪೋದ ಹೊಗೆ ಕುಡಿಯುತ್ತ ಅಗಸೂರಿನವರೆಗೆ ಹೋದೆ. ದಾರಿಯುದ್ದಕ್ಕೂ ಹೆಲ್ಮೆಟ್ಟಿನ ಒಳಗೆ ಬೈಯುತ್ತಲೇ ಇದ್ದೆ, ಯಾರಿಗೂ ಕೇಳುವುದಿಲ್ಲವಲ್ಲ.

ಅಲ್ಲಿ ಹೊಳೆ ಇತ್ತು, ಅದರಲ್ಲಿ ನೀರೂ ಇತ್ತಂತೆ, ನಾನು ನೋಡಲಿಲ್ಲ. ನೋಡಿದ್ದು ಪಾತೇಲಿ. ಮನೆಯಲ್ಲಿ ಎಂಟು ಜನರ ಅಡುಗೆ, ಇಲ್ಲಿ ಅದರ ದುಪ್ಪಟ್ಟು. ಮನೆಯಲ್ಲಿ ನಿಂತು ಮಾಡುತ್ತಿದ್ದದ್ದನ್ನು ಇಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಾಡಬೇಕು, ಅಷ್ಟೇ ವ್ಯತ್ಯಾಸ. "ಕಾಕೀ, ನೀರು!" "ಗಾಯತ್ರಿ, ಚಾಕು ಎಲ್ಲಿ?" "ಗಾಯತ್ರಿ ಅತ್ಗೆ, ಇನ್ನೊಂದ್ ನಾಕ್ ತುಂಡು ಮೀನು ಅದ್ಯಾ?" ಕೊನೆಯದು ಕಾಶಿ. ಊಟವಾದ ಮೇಲೆ ಎಲ್ಲರೂ ಜಮಖಾನದ ಮೇಲೆ ಉರುಳಿಕೊಂಡರು. ನಾನು ಪಾತೇಲಿ ತಿಕ್ಕಿ, ಬೆನ್ನು ನೆಟ್ಟಗೆ ಮಾಡಿ, ಈಗಲಾದರೂ ನೀರಿನಲ್ಲಿ ಒಂದು ಕಾಲಿಡೋಣವೆಂದು ಹೊರಟೆ.

"ಗಾಯತ್ರೀ!"

ಅತ್ತೆ. ಮಗ ಆರಿಸಿ ತಂದಿದ್ದ ಗಾಳಿ ದಿಂಬನ್ನು ದೂರ ಹಿಡಿದಿದ್ದರು. "ಇದು ಬಲೂನೇ. ತಲೆ ಇಟ್ರೆ ಕಿರ್ ಕಿರ್ ಅಂತದೆ. ನನ್ ಹತ್ತಿ ದಿಂಬು ಇಲ್ದೆ ನಂಗೆ ನಿದ್ದೆ ಬತ್ತಿಲ್ಲ. ಸ್ಕೂಟಿ ಅದ್ಯಲೆ, ಹೋಗಿ ತಕಂಡ್ ಬಾ."

ಇವರ ಮುಖ ನೋಡಿದೆ. "ಹೌದು, ಹೋಗ್ಬಾರೇ, ಬಿಸ್ಲು ಇಳೀತು" ಎಂದು ಮಗ್ಗುಲು ಬದಲಿಸಿದರು.

ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅಂಕೋಲೆ ಯಾವಾಗ ಬಂತೆಂದೇ ತಿಳಿಯಲಿಲ್ಲ. ಬೀಗ ತೆಗೆದು ಧಡಧಡ ಒಳಗೆ ಹೋಗಿ, ಅತ್ತೆಯ ಮಂಚದ ಮೇಲಿನ ದಿಂಬು ಎತ್ತಿಕೊಂಡು ನಡುಮನೆಗೆ ಬಂದೆ. ಅಲ್ಲಿ ನಿಂತುಬಿಟ್ಟೆ.

ಮನೆಯಲ್ಲಿ ಯಾರೂ ಇರಲಿಲ್ಲ.

ಮದುವೆಯಾಗಿ ಬಂದ ಮೇಲೆ ಈ ಮನೆಯನ್ನು ನಾನು ಹೀಗೆ ಕಂಡದ್ದೇ ಇಲ್ಲ. ಟಿವಿ ಇಲ್ಲ, ಕೆಮ್ಮು ಇಲ್ಲ, ಕೂಗು ಇಲ್ಲ. ಫ್ರಿಜ್ಜು ಗುಂಯ್ ಎನ್ನುವುದು ಕೇಳುತ್ತಿತ್ತು. ನಾನು ದಿಂಬನ್ನು ಕುರ್ಚಿಯ ಮೇಲಿಟ್ಟು, ಮೆಲ್ಲಗೆ ನೆಲದ ಮೇಲೆ ಕೂತೆ. ಆಮೇಲೆ ಕಾಲು ಚಾಚಿದೆ. ಆಮೇಲೆ ಮಲಗಿಯೇಬಿಟ್ಟೆ, ನಡುಮನೆಯ ನಟ್ಟನಡುವೆ, ಬೆನ್ನಿಗೆ ನೆಲದ ತಂಪು. ಮೊಬೈಲು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಅದನ್ನು ಬೋರಲು ಹಾಕಿದೆ. ನನಗೆ ನಗು ಬಂತು, ಜೊತೆಗೇ ಅಳುವೂ ಬಂತು. ಊರೆಲ್ಲ ಟೆಂಟಿನಲ್ಲಿ ಮಲಗಲು ಹೋದದ್ದರಿಂದ ನನಗೆ ನನ್ನದೇ ಮನೆ ಸಿಕ್ಕಿತ್ತು.

ಹೊತ್ತು ಮುಳುಗುವಾಗ ಕಾಶಿಯ ಬೈಕು ಅಂಗಳದಲ್ಲಿ ನಿಂತಿತು. ಬಂದವರು ಇವರು, ಒಬ್ಬರೇ. "ಫೋನ್ ಎಂತಕ್ಕೆ ಎತ್ತುದಿಲ್ಲ ನೀನು? ಅಮ್ಮ ದಿಂಬು ದಿಂಬು ಅಂತ ಕೂತಾಳೆ. ನಡೆ, ಹೋಗ್ವ."

"ನಾ ಬರುದಿಲ್ಲ" ಎಂದೆ, ಮಲಗಿದಲ್ಲಿಂದಲೇ.

"ಬರುದಿಲ್ಲ? ವರ್ಷಗಟ್ಲೆ ಆರಿಸಿ ಆರಿಸಿ ಎಲ್ಲ ತಂದದ್ದು ಯಾರಿಗೆ?"

"ಅದನ್ನೇ ನಾನೂ ಕೇಳ್ತಾ ಇದ್ದೆ."

ಅವರು ಬಾಗಿಲಿಗೆ ಒರಗಿ ನಡುಮನೆಯನ್ನೊಮ್ಮೆ ನೋಡಿದರು, ನನ್ನನ್ನು ನೋಡಿದರು. "ಇಲ್ಲಿ ಎಷ್ಟ್ ಸುಮ್ಗದೆ ಮಾರಾಯ್ತಿ" ಎಂದು ಮೆಲ್ಲಗೆ ಹೇಳಿ, ಬೂಟು ಬಿಚ್ಚಿ, ನನ್ನ ಪಕ್ಕದಲ್ಲಿ ನೆಲಕ್ಕೆ ಕೂತರು. ನನ್ನ ಎದೆ ಕರಗಿತು. ಅಂತೂ ತಿಳಿಯಿತಲ್ಲ ಈ ಮನುಷ್ಯನಿಗೆ ಎಂದುಕೊಂಡೆ. ಇಬ್ಬರೇ, ಒಂದು ರಾತ್ರಿ, ಟೆಂಟು ಇಲ್ಲದಿದ್ದರೇನಂತೆ? ಜಾಗ ಕೊಡಲು ಒಂಚೂರು ಸರಿದೆ.

ಇವರು ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಹಾಯಾಗಿ ಒಂದು ಉಸಿರು ಬಿಟ್ಟರು. "ಗಾಯತ್ರಿ, ಒಂದ್ ಚಾ ಮಾಡೇ."

ನಾನು ಎದ್ದೆ. ದಿಂಬನ್ನು ಅವರ ಕೈಗೆ ಕೊಟ್ಟೆ, ಬೂಟನ್ನು ದಿಂಬಿನ ಮೇಲಿಟ್ಟೆ, ರಟ್ಟೆ ಹಿಡಿದು ಎಬ್ಬಿಸಿ ಹೊಸ್ತಿಲಾಚೆ ನಿಲ್ಲಿಸಿ ಬಾಗಿಲು ಹಾಕಿದೆ, ಅಗಳಿಯನ್ನೂ ಹಾಕಿದೆ. ಹೊರಗಿನಿಂದ "ಗಾಯತ್ರೀ" ಎಂದರು. ಮತ್ತೊಮ್ಮೆ, ಇನ್ನೂ ಸಣ್ಣ ದನಿಯಲ್ಲಿ, "ಗಾಯತ್ರಿ?"

ಈ ಮನೆಗೆ ಬಂದ ಮೇಲೆ ಮೊದಲ ಸಲ ನಾನು "ಆಂ" ಎನ್ನಲಿಲ್ಲ.