ರಾಣಿಯ ದರ್ಬಾರಿನಲ್ಲಿ ಅವ್ವ

1994ರಲ್ಲಿ ನಾನು ಹತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟೆ. ಅದರ ಹಿಂದಿನ ವರ್ಷದ ಚಳಿಗಾಲ ಇವತ್ತಿಗೂ ನನ್ನ ಮೂಗಿನಲ್ಲಿದೆ. ಎಲ್ಲಾದರೂ ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ವಡೋದರಾದ ರೈಲ್ವೆ ಕ್ವಾರ್ಟರ್ಸಿನ ನಮ್ಮ ಎರಡು ಕೋಣೆಯ ಮನೆ ಎದ್ದು ಬರುತ್ತದೆ. ಅಲ್ಲಿ ಅಪ್ಪ ಕನ್ನಡಿಯ ಮುಂದೆ ನಿಂತಿರುತ್ತಾನೆ. ಸಿನಿಮಾದವರು ಗೋಂದು ಹಚ್ಚಿ ಅಂಟಿಸಿದ ಗಿರಿಜಾ ಮೀಸೆ ಅವನ ಮುಖದ ಮೇಲಿರುತ್ತದೆ, ಆ ಗೋಂದಿನ ಘಾಟು ಅಡುಗೆಮನೆಯ ಒಗ್ಗರಣೆಯನ್ನೂ ಮೀರಿ ಹರಡಿರುತ್ತದೆ. ಶೂಟಿಂಗ್ ಮುಗಿಸಿ ಬಂದರೂ ಅವನು ಅದನ್ನು ತೆಗೆಯುತ್ತಿರಲಿಲ್ಲ. ಒಂದು ರಾತ್ರಿ ಹಾಗೆಯೇ ಮಲಗಿಬಿಟ್ಟಿದ್ದ!

ಊರಿನ ಹಳೆಯ ವಾಡೆಯೊಂದರಲ್ಲಿ ಹಿಂದಿ ಸಿನಿಮಾದವರು ಬಂದಿಳಿದಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ರಾಜ್ಯ ಆಳಿದ ರಾಣಿಯೊಬ್ಬಳ ಜೀವನದ ಕಥೆ ಅದು. ದರ್ಬಾರಿನ ಹೆಂಗಸರಿಗೆ ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಡಿಸುವವರು ಬೇಕಾಗಿದ್ದರು. ಸಾಮಾನು ಬಿಡಿಸಿಕೊಳ್ಳಲು ಸ್ಟೇಷನ್ನಿಗೆ ಬಂದ ಅವರ ಮ್ಯಾನೇಜರ್ ಹೀಗೆಂದದ್ದೇ ತಡ, ಪಾರ್ಸಲ್ ಆಫೀಸಿನ ಗುಮಾಸ್ತನಾಗಿದ್ದ ಅಪ್ಪ ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ ಎಂದುಬಿಟ್ಟ. "ನನ್ನ ಒಂದ್ ಮಾತ್ ಕೇಳದ ಹೆಂಗ ಒಪ್ಕೊಂಡ್ ಬಂದ್ರಿ?" ಎಂದು ಗದಗಿನ ನಮ್ಮವ್ವ ಸಿಡುಕಿದಳು. ಆದರೆ ಮರುದಿನ ನಮ್ಮೆಲ್ಲರಿಗಿಂತ ಮೊದಲು ತಲೆಗೆ ಎರೆದುಕೊಂಡು ತಯಾರಾದವಳು ಅವಳೇ. ನಾನು, ತಂಗಿ ಸುಧಾ ಶಾಲೆ ತಪ್ಪಿಸಿ ಹಿಂದೆ ಓಡಿದೆವು. ಏನು ಆ ವೈಭವ! ಆನೆ, ಪಲ್ಲಕ್ಕಿ, ಕಣ್ಣು ಕುಕ್ಕುವ ಲೈಟುಗಳು, ನಗಾರಿ. ಅವ್ವ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ, ನಿರಿಗೆ ಹಿಡಿದು, "ಉಸಿರು ಒಳಗ ಎಳ್ಕೋವಾ, ಇನ್ನಷ್ಟು" ಎಂದು ಬಾಂಬೆಯ ಹುಡುಗಿಯರಿಗೆ ಕನ್ನಡದಲ್ಲೇ ಗದರುತ್ತಿದ್ದಳು. ಅವರಿಗೆ ಅದು ಹೇಗೋ ತಿಳಿಯುತ್ತಿತ್ತು. ಮೂರನೆಯ ದಿನ ಡೈರೆಕ್ಟರ್ ಅವಳ ಕಚ್ಚೆಯನ್ನು ನೋಡಿ, ನೀವೂ ದರ್ಬಾರಿನಲ್ಲಿ ನಿಲ್ಲಿ ಎಂದರು. ಅಪ್ಪನ ಕೈಗೂ ಈಟಿಯಂಥ ಭಾಲೆ ಕೊಟ್ಟು ಕಾವಲುಗಾರನಾಗಿ ಬಾಗಿಲಲ್ಲಿ ನಿಲ್ಲಿಸಿದರು. ಅವ್ವ ಪರದೆಯ ಮೇಲೆ ಬರುತ್ತಾಳೆ ಎಂದು ನಾವು ಇಡೀ ಕಾಲನಿಗೆ ಡಂಗುರ ಸಾರಿದೆವು.

ಆದರೆ ಅವಳ ಪಾಲಿಗೆ ಬಂದದ್ದು ರಾಜ ತೀರಿಕೊಂಡ ದೃಶ್ಯ. ರಾಣಿಯ ಜೊತೆ ಸುತ್ತಲಿನ ಹೆಂಗಸರೂ ಕುಂಕುಮ ಅಳಿಸಿಕೊಳ್ಳಬೇಕು. ಒದ್ದೆ ಬಟ್ಟೆ ಹಿಡಿದು ಬಂದ ಸಹಾಯಕನ ಕೈಯನ್ನು ಅವ್ವ ತಳ್ಳಿಬಿಟ್ಟಳು. "ಮಾಸೀ, ಸಿರ್ಫ್ ಆ್ಯಕ್ಟಿಂಗ್ ಹೈ" ಎಂದು ಅವನು ಅಂಗಲಾಚಿದ. ಅವ್ವ ಅಪ್ಪನ ಕಡೆ ತಿರುಗಿದಳು. "ಆ್ಯಕ್ಟಿಂಗ್ ಅವರದು, ಹಣಿ ನಂದು. ಹೇಳ್ರಿ ಅವಂಗ."

ಅಪ್ಪ ಮೀಸೆಯಡಿ ನಗುತ್ತ, "ನಾ ಇಲ್ಲೇ ಗುಂಡಕಲ್ಲಿನಂಗ ನಿಂತೀನಲ್ಲ. ಒಂದ್ ತಾಸಿನ ಮಾತು, ಅಳಸು" ಎಂದ.

"ನೀವು ಸುಮ್ಮನ ಭಾಲೆ ಹಿಡ್ಕೊಂಡ್ ನಿಂದರ್ರಿ!"

ಇಡೀ ಸೆಟ್ ಅವಳಿಗಾಗಿ ಕಾಯಿತು. ಕೊನೆಗೆ ಡೈರೆಕ್ಟರ್ ಸೋತು, ಅವಳನ್ನು ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಲ್ಲಿಸಿದರು.

ಸಿನಿಮಾ ಬಂದಾಗ ಕಾಲನಿಗೆ ಕಾಲನಿಯೇ ಟಾಕೀಸಿಗೆ ನಡೆಯಿತು. ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. ಅವ್ವನ ದೃಶ್ಯ ಬಂತು, ನಾಲ್ಕೇ ಸೆಕೆಂಡಿನಲ್ಲಿ ಹೋಯಿತು. "ಅರೇ, ಆ ತೋ ಖಾಲಿ ಪೀಠ್ ಛೆ!" ಎಂದು ಪಕ್ಕದ ಮನೆಯ ಗುಜರಾತಿ ಅಕ್ಕ ಕೂಗಿದರು. ಬರೀ ಬೆನ್ನು! ಎಲ್ಲರೂ ನಕ್ಕರು, ಸುಧಾ ಅತ್ತೇಬಿಟ್ಟಳು. ಅವ್ವ ಮಾತ್ರ, "ಅಳ್ತಿ ಯಾಕ? ನಂದು ಬೆನ್ನರ ಬಂತು, ನಿಮ್ಮಪ್ಪಂದು ಬರೇ ಭಾಲೆ!" ಎಂದಳು. ಮನೆಯವರೆಗೂ ಅಪ್ಪ ಅದನ್ನೇ ಹೇಳಿ ಹೇಳಿ ನಕ್ಕ.

ಅದೇ ವರ್ಷದ ಮಳೆಗಾಲದಲ್ಲಿ ಕಾಮಾಲೆ ಅಪ್ಪನನ್ನು ಒಯ್ದಿತು. ಯಾರೂ ಹೇಳುವ ಮೊದಲೇ ಅವ್ವ ತಾನೇ ಹಣೆ ಒರೆಸಿಕೊಂಡಳು. ನಾನು ಪುಸ್ತಕ ಕಟ್ಟಿಟ್ಟು ಮಕರಪುರದ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತೆ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಸುಧಾಳನ್ನು ಓದಿಸಿದ್ದು ಈ ಕೈಗಳೇ. ಕ್ವಾರ್ಟರ್ಸ್ ಬಿಟ್ಟುಕೊಟ್ಟೆವು, ಆಮೇಲೆ ಅದನ್ನು ಕೆಡವಿದರು. ಹೋದ ವರ್ಷ ಅವ್ವನೂ ಹೋದಳು.

ಮೊನ್ನೆ ಟೀವಿಯಲ್ಲಿ ಆ ಸಿನಿಮಾ ಬಂತು. ಕಚ್ಚೆಯ ಆ ಬಿಗಿಯನ್ನು ನೋಡಿದ್ದೇ ನಾನು ಎದ್ದು ನಿಂತೆ. "ಪಪ್ಪಾ, ಕೌನ್ ಹೈ?" ಎಂದಳು ಮಗಳು. ನಿನ್ನಜ್ಜಿ ಎಂದೆ. "ಚೆಹರಾ ತೋ ದಿಖತಾ ನಹೀಂ" ಎಂದಳು. ಮುಖ ಕಾಣಲಿಲ್ಲ, ನಿಜ. ಆದರೆ ಆ ಬೆನ್ನಿನ ಆಚೆ, ರಾಜ ಸತ್ತ ದರ್ಬಾರಿನ ನಟ್ಟನಡುವೆ, ಕಾಸಗಲದ ಕುಂಕುಮ ಹಾಗೇ ಇದೆ. ಬಾಗಿಲಲ್ಲಿ ಅಪ್ಪ ನಿಂತಿದ್ದಾನೆ.

ಈಗ ನನಗಿರುವುದು ಸ್ವಂತ ಶೆಡ್ ಒಂದು, ಲೇತ್ ಮೂರು, ಕೆಲಸಗಾರರು ಐವರು, ಮಗಳು ಒಬ್ಬಳು, ಮತ್ತು ಅವ್ವ, ನಾಲ್ಕು ಸೆಕೆಂಡು.