ಪೂಜೆಗಿಟ್ಟ ಪೆಟ್ಟಿಗೆ

ಆಯುಧಪೂಜೆಯ ದಿನ, ಬೆಳಿಗ್ಗೆ ಎಂಟು ಗಂಟೆ. ಅಜ್ಜಂಪುರದ ಹೊರಗೆ ಲೇತ್ ವರ್ಕ್‌ಶಾಪಿನ ಹಿಂದಿನ ಬಯಲು. ಹಾಜರಿದ್ದವರು ಮೂವರು: ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಕಲಿಸಿ ನಿವೃತ್ತನಾದ ನಾನು, ನನ್ನ ಬಳಿ ಕಲಿತು ಈಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ತರೀಕೆರೆಯ ಹೆಣ್ಣುಮಗಳು, ಕಡೂರಿನಿಂದ ಬಂದು ಇಲ್ಲಿ ಲೇತ್ ಹಾಕಿದ, ಈ ವರ್ಕ್‌ಶಾಪಿನ ಮಾಲೀಕರಾದ ಸಾಹೇಬರು.

ಬಯಲಿನ ಕಬ್ಬಿಣದ ಕಂಬದ ಮೇಲೆ ಅವಳ ಗಾಳಿಯಂತ್ರವಿತ್ತು. ತೇಗದ ಮೂರು ರೆಕ್ಕೆಗಳನ್ನು ಅವಳೇ ಕೆತ್ತಿದ್ದಳು. ಗಾಳಿ ಜೋರಾದರೆ ರೆಕ್ಕೆಗಳು ತಾವಾಗಿ ಓರೆಯಾಗಿ ವೇಗ ತಗ್ಗಿಸಬೇಕು. ಹಾಗೆ ಹೊರಳಿಸುವುದು ಕಂಬದ ಬುಡದ ಪುಟ್ಟ ಪೆಟ್ಟಿಗೆಯ ಕೆಲಸ. ಸೋಮವಾರ ಪರೀಕ್ಷಕರು ಬಂದು ಅದನ್ನು ಕಣ್ಣಾರೆ ನೋಡಿದ್ದರೆ ಅವಳ ಐದು ವರ್ಷದ ಸಂಶೋಧನೆ ದಡ ಸೇರುತ್ತಿತ್ತು.

ನನ್ನ ಕಟ್ಟಳೆ ಹಳೆಯದು. ಆ ದಿನ ಸ್ಪ್ಯಾನರಿನಿಂದ ಹಿಡಿದು ಎಲ್ಲವನ್ನೂ ಒರೆಸಿ, ಸಾಲಾಗಿ ಜೋಡಿಸಿ ಕುಂಕುಮ ಇಡಬೇಕು. ಮರುದಿನ ಬೆಳಿಗ್ಗೆಯವರೆಗೆ ಯಾರೂ ಮುಟ್ಟಬಾರದು.

“ಪೆಟ್ಟಿಗೆ ಅಲ್ಲೇ ಇರ್ಲಿ ಸಾರ್, ಬಿಚ್ಚೋದು ಬೇಡ,” ಎಂದಳು.

“ಅದೂ ಆಯುಧಾನೇ ಕಣಮ್ಮ. ರೆಕ್ಕೆಗೆ ಹಗ್ಗ ಕಟ್ಟಿದ್ರಾಯ್ತು.”

ಸಾಹೇಬರು ನಕ್ಕರು. “ಮೇಷ್ಟ್ರು ಗಾಳಿಗೂ ರಜಾ ಕೊಟ್ಬಿಟ್ರು ಬಿಡಮ್ಮ.”

ಅವಳು ರೆಕ್ಕೆಗೆ ಹಗ್ಗ ಬಿಗಿದು, ಪೆಟ್ಟಿಗೆ ಬಿಚ್ಚಿ ತಂದು ಒಳಗೆ ಪೂಜೆಯ ಸಾಲಿನಲ್ಲಿಟ್ಟಳು. ನನ್ನ ಮುಂದೆ ಎದುರಾಡದಂತೆ ಹದಿನಾರನೇ ವಯಸ್ಸಿನಲ್ಲೇ ಅವಳನ್ನು ತಿದ್ದಿದ್ದವನು ನಾನೇ.

ಮಧ್ಯಾಹ್ನ ಮೂರೂವರೆಗೆ ಮೋಡ ಕವಿದು ಬಿರುಗಾಳಿ ಎದ್ದಿತು. ಹಗ್ಗ ಕಿತ್ತುಹೋಯಿತು. ತಡೆಯುವ ಪೆಟ್ಟಿಗೆಯಿಲ್ಲದೆ ರೆಕ್ಕೆಗಳು ಹುಚ್ಚೆದ್ದು ತಿರುಗತೊಡಗಿದವು. ಅವಳು ಒಳಗೋಡಿ ಹೂವಿನ ಸಮೇತ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದಳು. ಸಾಹೇಬರು ಬಾಗಿಲಿಗೆ ಅಡ್ಡ ನಿಂತರು.

“ಕಂಬದ ಹತ್ರ ಹೋಗ್ಬೇಡ. ತಲೆ ಹಾರೋಯ್ತದೆ.”

“ನಾಲ್ಕೇ ವೈರು ಸಿಕ್ಕಿಸೋದು ಕಣ್ರೀ, ಬಿಡ್ರೀ!”

ಅವರು ಬಿಡಲಿಲ್ಲ. ನಾನೂ ಬಿಡಿ ಎನ್ನಲಿಲ್ಲ. ಯಂತ್ರದ ಗುಂಯ್‌ಗುಡುವಿಕೆ ಏರುತ್ತಾ ಊಳಾಯಿತು. ಸ್ಪ್ಯಾನರು, ಸುತ್ತಿಗೆ, ಮೂವರ ಆರು ಕೈ, ಎಲ್ಲ ಇದ್ದೂ ಮಾಡುವುದಕ್ಕೆ ಏನೂ ಇರಲಿಲ್ಲ. ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಏಳನೇ ನಿಮಿಷಕ್ಕೆ ಒಂದು ರೆಕ್ಕೆ ಸೀಳಿ ಪಕ್ಕದ ರಾಗಿ ಹೊಲಕ್ಕೆ ಹಾರಿತು. ಉಳಿದೆರಡು ಕಂಬಕ್ಕೆ ಬಡಿದು ಚೂರಾದವು.

ಅವಳು ತನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿ, ನನ್ನತ್ತ ತಿರುಗಿದಳು. “ಸೋಮವಾರ ಬೇಡವಂತೆ ಸಾರ್. ಮತ್ತೆ ಯಾವಾಗ ಅಂತ ಹೇಳಕ್ಕಾಗಲ್ವಂತೆ.”

“ತಪ್ಪು ನಂದು. ಫೋನ್ ಕೊಡು, ನಾನೇ ಹೇಳ್ತೀನಿ.”

“ಏನಂತ ಹೇಳ್ತೀರಾ? ಪೆಟ್ಟಿಗೆ ಪೂಜೆಗಿಟ್ಟಿದ್ವಿ ಅಂತಾನಾ?”

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಯಾಕೆ ಮುರಿಯಿತೆಂದು ಚೂರುಗಳನ್ನು ನೋಡಿಯಾದರೂ ಪ್ರಬಂಧದಲ್ಲಿ ಬರೆಯುತ್ತೇನೆ ಎಂದಳು. ಮೂವರೂ ರಾಗಿ ಹೊಲದಲ್ಲಿ ಬಗ್ಗಿ ಹುಡುಕಿದೆವು. ಸಿಕ್ಕಷ್ಟನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿದು, ಬಸ್‌ಸ್ಟ್ಯಾಂಡಿಗೆ ಹೊತ್ತು ತಂದೆ.

“ಏನ್ ಯಜಮಾನ್ರೇ, ಸೌದೆನಾ?” ಎಂದ ತರೀಕೆರೆ ಬಸ್ಸಿನ ಕಂಡಕ್ಟರ್.

“ಅಲ್ಲ,” ಎಂದಳು ಅವಳು.

ಚೀಲವನ್ನು ಅವಳ ಸೀಟಿನ ಕೆಳಗೆ ತಳ್ಳಿ, ಜಾರದಂತೆ ಸೀಟಿನ ಕಾಲಿಗೆ ಕಟ್ಟಿ, ಇಳಿದೆ. ಆಗ ಆರೂಕಾಲು.